ರಟ್ಟಿನೊಳಗಿನ ಒಂಬತ್ತನೇ ಪ್ರಕರಣ

ಶಹಾಪುರದ ಬೆಟ್ಟಕ್ಕೆ ಇನ್ನೂ ಬೆಳಕು ಮುಟ್ಟಿಲ್ಲ. ಬಜಾರದ ಹಿಂದಿನ ಓಣಿಯ ಅಚ್ಚುಕೂಟದ ಹಿತ್ತಲಲ್ಲಿ ಕಂದೀಲು ಹಚ್ಚಿಟ್ಟುಕೊಂಡು ಸೂಗಪ್ಪ ಅಗಲವಾದ ಬೋಗುಣಿಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿದೆ, ನೀರಿನಲ್ಲಿ ಒಂದು ಹಳೆಯ ಪುಸ್ತಕದ ರಟ್ಟು ನೆನೆಯುತ್ತಿದೆ. ರಟ್ಟಿನೊಳಗಿದ್ದ ಪುಸ್ತಕವನ್ನು ಹೊಲಿಗೆ ಬಿಚ್ಚದಂತೆ ಬೇರ್ಪಡಿಸಿ ಪಕ್ಕದ ಹಲಗೆಯ ಮೇಲೆ ಇಟ್ಟಿದ್ದಾರೆ. ಸಂಜೆಯೊಳಗೆ ಹೊಸ ರಟ್ಟು ಕಟ್ಟಿ ಮರಳಿಸುತ್ತೇನೆಂದು ಕೆಂಭಾವಿಯ ಒಡೆಯರಿಗೆ ಮಾತು ಕೊಟ್ಟು ತಂದದ್ದು ಅದು.

ಅರ್ಧ ತಾಸು ನೆಂದ ಮೇಲೆ ಅಂಚು ಸಡಿಲವಾಗುತ್ತದೆ. ಸೂಗಪ್ಪ ಬೆರಳ ತುದಿಯಿಂದ ಒಂದೊಂದೇ ಪದರ ಬಿಡಿಸುತ್ತಾರೆ. ಮೊದಲ ಪದರ ಯಾರದೋ ಲಗ್ನಪತ್ರಿಕೆ. ಎರಡನೆಯದು ಹೋದ ಸರಕಾರದ ಕಾಲದ ಉರ್ದು ನಮೂನೆ. ಮೂರನೆಯದು ಬರೀ ಖಾಲಿ ಕಾಗದ. “ಅವಸರ ಮಾಡಿದ್ರ ಹರೀತದ್ರಿ,” ಎನ್ನುತ್ತಾರೆ, ತಲೆ ಎತ್ತದೆ. “ಹರಿದ್ರ ಹೋತು. ಎರಡನೇ ಸಲ ಸಿಗೂದಲ್ಲ ಇದು.”

ಐವತ್ತನಾಲ್ಕು ವರ್ಷದ ಸೂಗಪ್ಪ ರಟ್ಟು ಕಟ್ಟುವವರೇನಲ್ಲ. ಅವರ ಕಸುಬು ಪುಸ್ತಕ ತಿದ್ದುವುದು. ಅದರಲ್ಲೂ ಅದ್ಭುತ ಕಥೆಗಳ ಪುಸ್ತಕ: ಹಾರುವ ಮಂಚ, ನೀರಿನ ತಳದ ಪಟ್ಟಣ, ಚಂದ್ರನಿಗೆ ಹೋಗುವ ಕೊಳವೆ, ಹೊಲ ಉಳುವ ಯಂತ್ರಮನುಷ್ಯ. ಇಪ್ಪತ್ತು ವರ್ಷಗಳಲ್ಲಿ ಈ ಅಚ್ಚುಕೂಟದಿಂದ ಅಂಥ ನಲವತ್ತೊಂದು ಪುಸ್ತಕ ಹೊರಬಿದ್ದಿವೆ. ಸುರಪುರದ ಸಂತೆಯಲ್ಲಿ, ಯಾದಗಿರಿ ಸ್ಟೇಶನ್ನಿನ ಅಂಗಡಿಯಲ್ಲಿ ಜನ ಅವನ್ನು ಕೊಂಡು ಓದಿದ್ದಾರೆ. ಬರೆದವರ ಹೆಸರು, ಅಚ್ಚು ಹಾಕಿದವರ ಹೆಸರು, ಚಿತ್ರ ಕೊರೆದವರ ಹೆಸರು ಎಲ್ಲ ಅವುಗಳಲ್ಲಿವೆ. ಸೂಗಪ್ಪನವರ ಹೆಸರು ಒಂದರಲ್ಲೂ ಇಲ್ಲ. ಯಾಕೆ ಎಂದು ಕೇಳಿದರೆ ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತದೆ. “ಕಳೆ ತಗದವ್ರ ಹೆಸರು ಜ್ವಾಳದ ಮ್ಯಾಲ ಬರೀತಾರೇನ್ರಿ?”

ದಿನಕ್ಕೆ ಹದಿನಾರು ಹಾಳೆ ಅವರ ಲೆಕ್ಕ. ಅದಕ್ಕಿಂತ ಹೆಚ್ಚು ತಿದ್ದಿದರೆ ಕಣ್ಣು ಸುಳ್ಳು ಹೇಳಲು ಶುರುಮಾಡುತ್ತದಂತೆ. ತಿದ್ದುವುದು ಕಾಗುಣಿತವನ್ನಷ್ಟೇ ಅಲ್ಲ. ಸುರಪುರದವರೊಬ್ಬರು ಚಂದ್ರಲೋಕದ ಪ್ರವಾಸ ಬರೆದು ತಂದಾಗ ಇವರು ಅಂಚಿನಲ್ಲಿ ಕೆಂಪು ಮಸಿಯಿಂದ ಕೇಳಿದ್ದರು: ‘ದಾರಿ ಎಂಟು ದಿನದ್ದು, ಬುತ್ತಿ ಮೂರು ದಿನದ್ದು. ಉಳಿದ ಐದು ದಿನ ಏನು ತಿಂದ?’ ಯಂತ್ರಮನುಷ್ಯನ ಕಥೆಗೆ ಕೇಳಿದ್ದು ಹೀಗೆ: ‘ದಣಿವೇ ಇಲ್ಲ ಎಂದ ಮೇಲೆ ಬೇವಿನ ನೆರಳಿಗೆ ಯಾಕೆ ನಿಂತ?’ ಆ ಲೇಖಕರು ಸಿಟ್ಟಿಗೆದ್ದು ಕಾಗದ ಕಿತ್ತುಕೊಂಡು ಹೋದವರು, ತಿಂಗಳ ಮೇಲೆ ಯಂತ್ರವನ್ನು ಬಿಸಿಲಿಗೇ ನಿಲ್ಲಿಸಿ ಮರಳಿ ತಂದರು.

“ಊರು ಹಾರ್ತದ ಅಂದ್ರ ಮಂದಿ ನಂಬ್ತಾರ್ರಿ,” ಎನ್ನುತ್ತಾರೆ ಸೂಗಪ್ಪ. “ಆದ್ರ ಆ ಊರಾಗಿನ ಮನಿಷ್ಯಾ ಮನಿಷ್ಯಾನಂಗ ಇರಬೇಕು. ಅಲ್ಲಿ ಸುಳ್ಳು ಬಂತಂದ್ರ ಪುಸ್ತಕ ಮಡಚಿ ಇಡ್ತಾರ.” ನಲವತ್ತು ಪುಸ್ತಕಗಳಿಗೆ ಒಳ್ಳೆಯದನ್ನೇ ಮಾಡಿದ ಈ ನಿಯಮ ಒಂದರ ವಿಷಯದಲ್ಲಿ ಅವರ ಕೊರಳಿಗೇ ಸುತ್ತಿಕೊಂಡಿತು.

ಯಾದಗಿರಿಯ ಬಳಿ ಭೀಮಾ ನದಿಯ ದಂಡೆಯ ಅಂಬಿಗರ ಮನೆಯಲ್ಲಿ ಹುಟ್ಟಿದವರು ಅವರು. ತಂದೆ ಹರಿಗೋಲು ಹಾಕುತ್ತಿದ್ದರು. ಹರಿಗೋಲಿನಲ್ಲಿ ಕೂತವರು ಹೊತ್ತು ಕಳೆಯಲು ಕಥೆ ಹೇಳುತ್ತಿದ್ದರು. “ಆ ದಂಡಿ ಮುಟ್ಟೂದ್ರಾಗ ಕತಿ ಮುಗೀಬೇಕು. ಮುಗೀಲಿಲ್ಲಂದ್ರ ಮಂದಿ ಇಳದು ಹೋಗ್ತಿದ್ರು. ಹೇಳಾಂವ ಬಾಯಿ ತಕ್ಕೊಂಡು ಕೂಡ್ತಿದ್ದ.” ಸಾಲೆಯಲ್ಲಿ ಕಲಿತದ್ದು ಉರ್ದು. ಕನ್ನಡದ ಅಕ್ಷರ ಮನೆಯಲ್ಲಿ, ಸೋದರಮಾವನ ಹತ್ತಿರ. ಎರಡೂ ಲಿಪಿ ಕೈಗೆ ಹತ್ತಿದವರು ಆಗ ಈ ಕಡೆ ಕಡಿಮೆ. ಹಾಗಾಗಿ ಕಲ್ಲಿನ ಮೇಲೆ ಉರ್ದು, ಸೀಸದ ಮೊಳೆಯಲ್ಲಿ ಕನ್ನಡ ಅಚ್ಚು ಹಾಕುತ್ತಿದ್ದ ಈ ಅಚ್ಚುಕೂಟ ಅವರನ್ನು ಕರೆದು ಕೂರಿಸಿಕೊಂಡಿತು.

ತಿದ್ದುವುದರಲ್ಲಿ ಅವರಿಗೆ ಒಬ್ಬ ಗುರು ಇದ್ದಾರೆ. ಆ ಗುರುವಿಗೆ ಓದು ಬರಹ ಬರುವುದಿಲ್ಲ. ಅಚ್ಚುಕೂಟದ ಹಿತ್ತಲಿಗೂ ಪಕ್ಕದ ಕುರಿದೊಡ್ಡಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಗೋಡೆಯ ಆಚೆ, ಕುರಿ ಹೊರಡಿಸುವ ಮುಂಚೆ ಕೂತು ಉಣ್ಣೆ ನೂಲುವವರು ಗೊಲ್ಲಾಳಮ್ಮ. ಗೋಡೆಯ ಈಚೆ ಕಂದೀಲಿನ ಮುಂದೆ ಸೂಗಪ್ಪ ಹೊಸ ಕಥೆಯನ್ನು ಗಟ್ಟಿಯಾಗಿ ಓದುತ್ತಾರೆ. ಕಥೆ ಹೇಳುವಾಗ ಕೇಳುವವರು ಹ್ಞೂಂಗುಟ್ಟಬೇಕು ಎಂಬುದು ಇಲ್ಲಿಯ ರೂಢಿ. ಗೊಲ್ಲಾಳಮ್ಮ ಮನಸ್ಸಿಲ್ಲದೆ ಹ್ಞೂಂ ಎನ್ನುವವರಲ್ಲ. ಆ ಕಡೆಯಿಂದ ಹ್ಞೂಂ ಬಂದಷ್ಟೂ ಸೂಗಪ್ಪ ಮುಂದೆ ಹೋಗುತ್ತಾರೆ. ಎಲ್ಲಿ ನಿಂತಿತೋ ಅಲ್ಲಿ ಕೆಂಪು ಗೆರೆ ಬೀಳುತ್ತದೆ. ದೊಡ್ಡ ದೊಡ್ಡ ಲೇಖಕರು ತಮ್ಮ ಕಥೆಯ ಆಯುಷ್ಯ ಒಬ್ಬ ಕುರಿಗಾರ್ತಿಯ ಗಂಟಲಲ್ಲಿದೆ ಎಂದು ತಿಳಿದಿದ್ದರೆ ಏನನ್ನುತ್ತಿದ್ದರೋ, ಸೂಗಪ್ಪ ಯಾರಿಗೂ ಹೇಳಲಿಲ್ಲ.

ಗೊಲ್ಲಾಳಮ್ಮನದು ಒಂದೇ ಕರಾರು. ಹೊತ್ತು ಹುಟ್ಟುವುದರೊಳಗೆ ಓದು ಮುಗಿಯಬೇಕು. ಹಗಲು ಕಥೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ ಎಂದು ಅವರ ಹಟ್ಟಿಯವರೆಲ್ಲ ನಂಬುತ್ತಾರೆ. ಗಂಡ, ಮಕ್ಕಳು ವರ್ಷದ ಆರು ತಿಂಗಳು ಕುರಿ ಹಿಂದೆ ದಾರಿಯಲ್ಲೇ ಇರುವ ಮನೆ ಅದು. ಆ ನಂಬಿಕೆಯನ್ನು ನಕ್ಕು ತಳ್ಳಿಹಾಕುವುದು ಅವರಿಗೆ ಸಾಧ್ಯವಿಲ್ಲ.

ಈಗ ರಟ್ಟಿನ ವಿಷಯ.

ಅಚ್ಚುಕೂಟದ ಎಡಗಡೆಗೆ ಒಂದು ಪುಟ್ಟ ಅಂಗಡಿ ಇದೆ. ಅದರ ಬಾಗಿಲಿಗೆ ಒಂಬತ್ತನೇ ವರ್ಷ ಕೀಲಿ ಬಿದ್ದಿದೆ. ಅಲ್ಲಿ ಜಲಾಲುದ್ದೀನ ಎಂಬವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಿಡುವಾದಾಗ ಕಥೆ ಬರೆಯುತ್ತಿದ್ದರು. ಭಾಷೆ ಅಚ್ಚ ಶಹಾಪುರದ ಕನ್ನಡ. ಲಿಪಿ ಮಾತ್ರ ಉರ್ದು, ಸಾಲೆ ಕಲಿಸಿದ್ದು ಅದನ್ನೊಂದೇ. ಗಡಿಯಾರದ ಮುಳ್ಳಿನಂಥ ಆ ಸಣ್ಣ ಅಕ್ಷರಗಳನ್ನು ಕನ್ನಡಕ್ಕೆ ಇಳಿಸುವುದು ಸೂಗಪ್ಪನವರ ಪಾಲಿಗೆ ಬಂದ ಕೆಲಸ. ಹತ್ತು ಹನ್ನೊಂದು ವರ್ಷದ ನೆರೆಹೊರೆ. ಒಬ್ಬರ ಮನೆಯ ಹಬ್ಬದಡಿಗೆ ಇನ್ನೊಬ್ಬರ ಮನೆಗೆ ಹೋಗದ ವರ್ಷವಿರಲಿಲ್ಲ.

ನಲವತ್ತೆಂಟರ ಬೇಸಿಗೆಯಲ್ಲಿ ಅವರು ಗಾಳಿಯಲ್ಲಿ ತೇಲುವ ಊರೊಂದರ ಕಥೆ ಬರೆಯುತ್ತಿದ್ದರು. ದೊಡ್ಡ ಗಡಿಯಾರವೊಂದು ನಡೆಸುವ ಊರು. ಎಂಟು ಪ್ರಕರಣ ಮುಗಿದು ಎಲ್ಲವೂ ಮದುವೆಯ ಸಡಗರಕ್ಕೆ ಬಂದು ನಿಂತಿತ್ತು. ಒಂಬತ್ತನೆಯದೇ ಕೊನೆಯದು, ಹನ್ನೊಂದು ಹಾಳೆ. ಅದರಲ್ಲಿ ಒಂದು ದಿನ ಊರ ಗಡಿಯಾರ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಜನ ಬಾಗಿಲು ತೆಗೆದು ನೋಡಿದರೆ ನೆರೆಯವರಿಗೆ ನೆರೆಯವರ ಗುರುತು ಹತ್ತುವುದಿಲ್ಲ. ಗಡಿಯಾರದವನಿಗೆ ಪಕ್ಕದ ಮನೆಯವನೇ ‘ನೀವು ಯಾರು?’ ಎಂದು ಕೇಳುತ್ತಾನೆ. ಗಡಿಯಾರದವನು ಮನೆಗೆ ಕೀಲಿ ಹಾಕಿ ಊರು ಬಿಡುತ್ತಾನೆ. ಒಂದೊಂದು ಹೆಜ್ಜೆಗೂ ಕಿಸೆಯಲ್ಲಿನ ಕೀಲಿಕೈ ಬೆಳೆಯುತ್ತ, ಭಾರವಾಗುತ್ತ ಹೋಗುತ್ತದೆ.

ಆ ಪ್ರಕರಣ ಕೈಗೆ ಬಂದ ದಿನ ಸೂಗಪ್ಪ ಓದಲು ಕೂರುವುದು ತಡವಾಯಿತು. ಬಗ್ಗಿಸಿದ ತಲೆ ಎತ್ತದೆ ಓದುತ್ತಿದ್ದರು. ಹತ್ತನೇ ಹಾಳೆಯವರೆಗೆ ಗೋಡೆಯಾಚೆಯಿಂದ ಹ್ಞೂಂ ಬರುತ್ತಲೇ ಇತ್ತು. ಹನ್ನೊಂದನೆಯದಕ್ಕೆ ನಿಂತುಬಿಟ್ಟಿತು. ಸೂಗಪ್ಪನವರಿಗೂ ಒಳಗೊಳಗೆ ಅನುಮಾನವಿತ್ತು. ಇಷ್ಟು ವರ್ಷದ ನೆರೆಯವನು ‘ನೀವು ಯಾರು’ ಅನ್ನುತ್ತಾನೆಯೇ? ಗೊಲ್ಲಾಳಮ್ಮನ ಮೌನ ಆ ಅನುಮಾನಕ್ಕೆ ಮೊಹರು ಒತ್ತಿತು. ಹನ್ನೊಂದೂ ಹಾಳೆಗೆ ಕಾಟು ಹೊಡೆದು, ಕೊನೆಯಲ್ಲಿ ಬರೆದರು: ‘ನಂಬಲಾಗದು. ತೆಗೆಯಿರಿ.’

ಜಲಾಲುದ್ದೀನ ಜಗಳವಾಡಲಿಲ್ಲ. ‘ನಿಮ್ಮ ಕೈ ಮ್ಯಾಲ ಭರೋಸಾ ಅದ, ಸೂಗಪ್ಪ’ ಎಂದಷ್ಟೇ ಹೇಳಿದರಂತೆ. ಪುಸ್ತಕ ಮದುವೆಗೇ ಮುಗಿಯಿತು. ಯುದ್ಧದ ಕಾಲದಿಂದ ಕಾಗದಕ್ಕೆ ಪರದಾಟ, ಹಾಗಾಗಿ ಬೇಡವಾದ ಹಾಳೆಗಳನ್ನು ಹಿಟ್ಟಿನ ಅಂಟು ಹಚ್ಚಿ ಒಂದರ ಮೇಲೊಂದು ಒತ್ತಿ ರಟ್ಟು ಮಾಡುವುದು ಇಲ್ಲಿಯ ಪದ್ಧತಿ. ಆ ಹನ್ನೊಂದು ಹಾಳೆಯೂ ಅದೇ ವಾರ ಕಟ್ಟುತ್ತಿದ್ದ ಬೇರೊಂದು ಪುಸ್ತಕದ ರಟ್ಟಿಗೆ ಹೋದವು. ಇನ್ನೂರು ಪ್ರತಿಯ ಪುಸ್ತಕ. ಬರೆದವರ ಹತ್ತಿರ ಬೇರೆ ನಕಲು ಇರಲಿಲ್ಲ.

ಮುಂದೆ ಸೆಪ್ಟೆಂಬರ್ ಬಂತು. ನಿಜಾಮರ ಆಳಿಕೆ ನಾಲ್ಕೈದು ದಿನದಲ್ಲಿ ಮುಗಿದುಹೋಯಿತು. ಅದಕ್ಕೆ ಮುಂಚೆ ಒಂದು ವರ್ಷ ಓಣಿಯ ಅರ್ಧ ಮಂದಿ ಹೆದರಿ ಬದುಕಿದ್ದರು. ಆಮೇಲಿನ ವಾರಗಳಲ್ಲಿ ಉಳಿದರ್ಧ ಮಂದಿ ಹೆದರಿದರು. ಒಂದು ಮಧ್ಯಾಹ್ನ ಐದಾರು ಜನ ಅಚ್ಚುಕೂಟದ ಕಟ್ಟೆ ಹತ್ತಿ ಗಡಿಯಾರದ ಸಾಹೇಬ ಎಲ್ಲಿ ಎಂದು ಕೇಳಿದರು. ಕಾಗದದ ಗಂಟುಗಳ ಹಿಂದೆ, ಹತ್ತು ಮೊಳ ದೂರದಲ್ಲಿ, ಜಲಾಲುದ್ದೀನ ಉಸಿರು ಬಿಗಿಹಿಡಿದು ಕೂತಿದ್ದರು. ‘ನಿನಗ ಅವನ ಗುರ್ತದೇನು?’ ಎಂದು ಬಂದವರು ಸೂಗಪ್ಪನವರನ್ನು ಗದರಿಸಿದರು.

ಈ ಮಾತಿಗೆ ಬಂದಾಗ ಸೂಗಪ್ಪ ಬೋಗುಣಿಯಿಂದ ಕೈ ತೆಗೆಯುತ್ತಾರೆ. “ನನಗ ಅವ್ರು ಗುರ್ತಿಲ್ರಿ ಅಂದೆ. ಉಳಸಾಕಂತ ಅಂದೆ. ಖರೇನ ಉಳಸಾಕಂತ. ಬಂದವ್ರು ಹೋದ್ರು.” ಧೋತರದ ಅಂಚಿಗೆ ಬೆರಳು ಒರೆಸಿಕೊಳ್ಳುತ್ತಾರೆ. “ಸಾಬ್ರು ಹೊರಗ ಬಂದ್ರು. ಮೈಮ್ಯಾಲಿನ ಧೂಳಾ ಝಾಡಿಸ್ಕೊಂಡ್ರು. ನನ್ನ ಮಾರಿ ನೋಡ್ಲಿಲ್ಲ. ‘ಈಗ ನಂಬ್ತೀರಲ್ಲ, ಸೂಗಪ್ಪ?’ ಅಂದ್ರು. ಅಷ್ಟ.”

ಅಂದು ಸಂಜೆ ಅಂಗಡಿಗೆ ಕೀಲಿ ಹಾಕಿ ಯಾದಗಿರಿಯ ದಾರಿ ಹಿಡಿದವರು ಜಲಾಲುದ್ದೀನ. ವಾಡಿಯ ಕಡೆ ಹೋಗುವ ಗಾಡಿ ಹತ್ತಿದ್ದನ್ನು ಕಂಡವರಿದ್ದಾರೆ. ಆಮೇಲೆ ಹೈದರಾಬಾದಿನಲ್ಲಿದ್ದಾರೆ ಎಂದವರಿದ್ದಾರೆ, ಹಡಗು ಹತ್ತಿದರು ಎಂದವರೂ ಇದ್ದಾರೆ. ಸೂಗಪ್ಪ ಎರಡು ಸಲ ಹೈದರಾಬಾದಿಗೆ ಹೋಗಿ ಗಡಿಯಾರದ ಅಂಗಡಿಗಳನ್ನೆಲ್ಲ ಸುತ್ತಿ ಬಂದರು. ಪತ್ರ ಬರೆಯಲು ವಿಳಾಸವಿಲ್ಲ.

ಆರೇಳು ವರ್ಷ ಈ ಗಾಯ ಹೊರಗೆ ಕಾಣದಂತೆ ಇತ್ತು. ಒಂದು ಬೆಳಗಿನ ಜಾವ ಬೇರಾವುದೋ ಕಥೆಯ ನಡುವೆ ಗೊಲ್ಲಾಳಮ್ಮ ಗೋಡೆಯಾಚೆಯಿಂದ ಕೇಳಿದರು: “ಮಾಸ್ತರ, ಆ ಕೀಲಿಕೈ ಹೊತ್ಕೊಂಡು ಹೋದಾಂವಂದು ಆಮ್ಯಾಲ ಏನಾತ್ರಿ?” ಸೂಗಪ್ಪ ಬೆಚ್ಚಿದರು. ಆ ಕಥೆ ನಿನಗೆ ಸೇರಲಿಲ್ಲವಲ್ಲ ಎಂದರು. “ಯಾರ್ ಹೇಳಿದ್ರಿ? ಹೊತ್ತು ಹುಟ್ಟಿತ್ತು, ಎದ್ದು ಹೋದೆ. ಅಷ್ಟೊತ್ತು ಕೇಳಿದ್ದ ತಪ್ಪಾತು. ಬೆಳಕ ಬಿದ್ದದ್ದ ಕಾಣಲಿಲ್ಲ ನನಗ, ಕತಿ ಹಂಗಿತ್ತು. ಅದಕ್ಕ ಸಾಬ್ರು ದಾರಿ ತಪ್ಯಾರ.”

ಹಾಗೆ ತಿಳಿಯಿತು. ತಾನು ತೀರ್ಪೆಂದು ತಿಳಿದ ಮೌನ ತೀರ್ಪೇ ಆಗಿರಲಿಲ್ಲ. ಗೊಲ್ಲಾಳಮ್ಮ ಕುರಿ ಬಿಡಲು ಹೋಗಿದ್ದರು, ಸೂಗಪ್ಪ ಬರೀ ಗೋಡೆಗೆ ಓದಿ ಒಬ್ಬ ಗೆಳೆಯನ ಪ್ರಕರಣವನ್ನು ಕೊಂದಿದ್ದರು. ಗೊಲ್ಲಾಳಮ್ಮನೋ, ತಾನು ಕೇಳಿದ್ದರಿಂದಲೇ ಅವರು ಕಳೆದುಹೋದರು ಎಂದು ಇಷ್ಟು ವರ್ಷ ಒಳಗೇ ಕೊರಗಿದ್ದರು. ಒಂದೇ ಗೋಡೆಯ ಎರಡೂ ಕಡೆ ಕೂತು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಅವತ್ತಿನಿಂದ ಸೂಗಪ್ಪ ಆ ಇನ್ನೂರು ರಟ್ಟುಗಳ ಬೆನ್ನು ಹತ್ತಿದ್ದಾರೆ. ಮುದನಾಳ, ಗುರುಮಠಕಲ್, ಸುರಪುರ, ಕೆಂಭಾವಿ, ಎಲ್ಲಿ ಆ ಪುಸ್ತಕದ ಪ್ರತಿ ಇದೆ ಎಂದು ಗೊತ್ತಾದರೂ ನಡೆದೋ ಬಸ್ಸು ಹಿಡಿದೋ ಹೋಗುತ್ತಾರೆ. ಹೊಸ ರಟ್ಟು ಕಟ್ಟಿಕೊಡುತ್ತೇನೆಂದು ಬೇಡಿ ತರುತ್ತಾರೆ. ಹುಚ್ಚು ಹಿಡಿದಿದೆ ಎಂದು ಬಾಗಿಲು ಮುಚ್ಚಿದವರೂ ಉಂಟು. ಎರಡು ವರ್ಷದಲ್ಲಿ ನೂರಾ ಅರವತ್ಮೂರು ರಟ್ಟು ನೆನೆಸಿದ್ದಾರೆ. ಹತ್ತು ಹಾಳೆ ಸಿಕ್ಕಿವೆ. ನೀರಿನಲ್ಲಿ ಅದ್ದಿ ಅದ್ದಿ ಬೆರಳ ಸಂದು ಬಿರಿದಿವೆ. “ನನ್ನ ಹಿಟ್ಟಿನ ಬೋಗುಣಿ ಹೋದದ್ದು ಹೋತು,” ಎನ್ನುತ್ತಾರೆ ಹೆಂಡತಿ ರೇಣಮ್ಮ. “ರಾತ್ರಿ ಹೊಟ್ಟಿತುಂಬ ಉಂಡ್ರ ಸಾಕಾಗ್ಯದ.”

ಮೊದಲ ಹಾಳೆ ಸಿಕ್ಕ ದಿನ ಬೋಗುಣಿಯ ನೀರು ಕೆಂಪಾಯಿತು. ಜಲಾಲುದ್ದೀನ ಬರೆದದ್ದು ತಾವೇ ಅರೆದ ಕಾಡಿಗೆಯ ಮಸಿಯಲ್ಲಿ, ಅದು ಕದಲಲಿಲ್ಲ. ಸೂಗಪ್ಪ ಕಾಟು ಹೊಡೆದದ್ದು ಅಂಗಡಿಯ ಕೆಂಪು ಮಸಿಯಲ್ಲಿ. ಅದು ಗೆರೆ ಗೆರೆಯಾಗಿ ಬಿಟ್ಟುಕೊಂಡು ನೀರಿಗೆ ಹೋಯಿತು. ಅವರು ಆ ನೀರನ್ನು ಚೆಲ್ಲಲು ಮನಸ್ಸಾಗದೆ ಬಹಳ ಹೊತ್ತು ಕೂತಿದ್ದರಂತೆ.

ಈಗ ಅವಸರ ಬಂದಿದೆ. ಮೊನ್ನೆಯ ನವೆಂಬರಿನಲ್ಲಿ ಕನ್ನಡ ನಾಡು ಒಂದಾದ ಮೇಲೆ ಹಳೆಯ ಪುಸ್ತಕಗಳಿಗೂ ಬೇಡಿಕೆ ಬಂದು, ಅಚ್ಚುಕೂಟದ ಈಗಿನ ಯಜಮಾನ ಅಂಬಣ್ಣ ಗಾಳಿಯೂರಿನ ಕಥೆಯ ಎರಡನೇ ಮುದ್ರಣ ಹಾಕುತ್ತಿದ್ದಾರೆ. ಎಂಟು ಪ್ರಕರಣ ಅಚ್ಚಾಗಿ, ಒಂಬತ್ತನೆಯದರ ಹತ್ತು ಹಾಳೆಗೆ ಮೊಳೆ ಜೋಡಿಸಿ ಆಗಿದೆ. ಕೊನೆಯ ಹಾಳೆ ಇಲ್ಲ. ಚುನಾವಣೆಯ ಕರಪತ್ರಗಳ ಕೆಲಸ ಬಂದು ನಿಂತಿರುವುದರಿಂದ ಅಂಬಣ್ಣನಿಗೆ ಮೊಳೆ ಬೇಕು. ಶನಿವಾರದೊಳಗೆ ಹಾಳೆ ಸಿಗದಿದ್ದರೆ ಜೋಡಿಸಿದ್ದನ್ನೆಲ್ಲ ಬಿಚ್ಚಿ ಮತ್ತೆ ಮದುವೆಗೇ ಪುಸ್ತಕ ಮುಗಿಸುವುದೆಂದು ಅವರು ಹೇಳಿಯಾಗಿದೆ. ಇವತ್ತೇ ಶನಿವಾರ.

“ನಲವತ್ತೊಂದು ಪುಸ್ತಕ ತಿದ್ದೀರಿ ಕಾಕಾ, ಒಂದು ಹಾಳಿ ಬರಿಯಾಕ ಬರೂದಿಲ್ಲೇನು? ನೀವು ಒಮ್ಮಿ ಓದೀರಲ್ಲ,” ಎಂದರಂತೆ ಅಂಬಣ್ಣ.

“ತಪ್ಪು ನೆನಪದಾವಪ್ಪ,” ಎಂದರು ಸೂಗಪ್ಪ. “ಎಲ್ಲಿ ಮಾತು ಉದ್ದಾಗಿತ್ತು, ಎಲ್ಲಿ ಎರಡು ಸಲ ಬಂದಿತ್ತು, ಅದೆಲ್ಲಾ ನೆನಪದ. ಕತಿ ಏನಾತು ಅನ್ನೂದು ನೆನಪಿಲ್ಲ. ಒಮ್ಮಿ ಅವ್ರದು ತಗದೇನಿ. ಇನ್ನೊಮ್ಮಿ ನಂದು ತುರುಕ್ಲೇನು?”

ಬೋಗುಣಿಯಲ್ಲಿ ನಾಲ್ಕನೇ ಪದರ ಸಡಿಲವಾಗುತ್ತಿದೆ. ಸೂಗಪ್ಪನವರ ಕೈ ನಿಲ್ಲುತ್ತದೆ. ಕಂದೀಲನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ನೀರಿನಲ್ಲಿ ಸಣ್ಣಗೆ ಕೆಂಪು ಎಳೆಯೊಂದು ಬಿಟ್ಟುಕೊಳ್ಳುತ್ತಿದೆ. ಹಾಳೆಯ ಕೆಳತುದಿಯಲ್ಲಿ ಅವರದೇ ಕೈಬರಹದ ನಾಲ್ಕು ಕನ್ನಡ ಅಕ್ಷರ ಒಂದು ಕ್ಷಣ ಕಾಣುತ್ತವೆ: ‘ತೆಗೆಯಿರಿ.’ ನೋಡನೋಡುತ್ತ ಅದೂ ಕರಗುತ್ತದೆ.

ಅವರು ಕೂಗುವುದಿಲ್ಲ. ಹಾಳೆಯನ್ನು ಎರಡೂ ಅಂಗೈ ಮೇಲೆ ಎತ್ತಿ, ಹಲಗೆಗೆ ಹಾಸಿ, ಗೋಡೆಯ ಹತ್ತಿರ ಒಯ್ಯುತ್ತಾರೆ. “ಯಕ್ಕಾ, ಕೇಳ್ತೀಯೇನು?” ಗೊಲ್ಲಾಳಮ್ಮನಿಗೆ ಈಗ ಎಪ್ಪತ್ತರ ಹತ್ತಿರ. ಕಿವಿ ಮಂದವಾಗಿದೆ. ನೂಲುವುದನ್ನು ನಿಲ್ಲಿಸಿ, ಗೋಡೆಗೆ ಆತು ಕಿವಿ ಕೊಡುತ್ತಾರೆ. ಸೂಗಪ್ಪ ಓದಲು ಶುರುಮಾಡುತ್ತಾರೆ. ಎರಡು ಸಾಲು ಆಗುವಷ್ಟರಲ್ಲಿ ಬೆಟ್ಟದ ನೆತ್ತಿಗೆ ಬಿಸಿಲು ಬೀಳುತ್ತದೆ. ಇಪ್ಪತ್ತು ವರ್ಷದ ರೂಢಿಯಂತೆ ಅವರ ಬಾಯಿ ತಾನಾಗಿ ನಿಲ್ಲುತ್ತದೆ.

ಗೊಲ್ಲಾಳಮ್ಮ ಬೆಟ್ಟದ ಕಡೆ ನೋಡುತ್ತಾರೆ. ಕುರಿಗಳು ಒದರುತ್ತಿವೆ. “ಓದ್ರಿ ಮಾಸ್ತರ,” ಎನ್ನುತ್ತಾರೆ. “ದಾರಿ ತಪ್ಪೂದು ಎಂದೋ ತಪ್ಪಿ ಆಗ್ಯದ.”

ಅವರು ಓದುತ್ತಾರೆ. ಗಡಿಯಾರದವನು ಊರ ಅಂಚಿಗೆ ಬಂದ. ಕೀಲಿಕೈ ಇನ್ನು ಎಳೆಯಲಾರದಷ್ಟು ಭಾರವಾಗಿತ್ತು. ಅಲ್ಲೇ ಬಿಟ್ಟು ಹೋಗೋಣವೆಂದು ಬಗ್ಗಿದಾಗ ಅದರ ಇನ್ನೊಂದು ತುದಿಯನ್ನು ಯಾರೋ ಎತ್ತಿದರು. ನೋಡಿದರೆ ಪಕ್ಕದ ಮನೆಯವನು. ಓಡಿ ಬಂದು ಏದುಸಿರು ಬಿಡುತ್ತಿದ್ದ. ಅವನ ಬೆರಳಿಗೆ ಕೆಂಪು ಮಸಿ ಹತ್ತಿತ್ತು. ‘ನಿನ್ನ ಗುರುತು ನನಗಿದೆ’ ಎಂದ. ಇಬ್ಬರೂ ಕೂಡಿ ಅದನ್ನು ಮನೆಯ ಕಡೆ ಹೊತ್ತರು.

“ಹ್ಞೂಂ,” ಎನ್ನುತ್ತಾರೆ ಗೊಲ್ಲಾಳಮ್ಮ.

ಸೂಗಪ್ಪ ಬಹಳ ಹೊತ್ತು ತಮ್ಮ ಬೆರಳು ನೋಡಿಕೊಳ್ಳುತ್ತಾರೆ. “ಇದನ್ನ ಓದಿದ್ದೆ ರೀ ನಾ,” ಎನ್ನುತ್ತಾರೆ. “ಬೆರಳಿಗೆ ಮಸಿ ಹತ್ತಿತ್ತು ಅನ್ನೂ ಸಾಲಿಗಿ ಎಲ್ಲಕ್ಕಿಂತ ಮೊದ್ಲ ಕಾಟು ಹೊಡದಿದ್ದೆ. ಬ್ಯಾಡಾದ ಮಾತು ಅಂತ.” ಅಳು ಬಂದದ್ದನ್ನು ಮುಚ್ಚಿಕೊಳ್ಳಲು ಅವರು ಪ್ರಯತ್ನಿಸುವುದಿಲ್ಲ. ಗೋಡೆಯಾಚೆಯವರೂ ಎದ್ದು ಹೋಗುವುದಿಲ್ಲ.

ಒಂಬತ್ತು ಗಂಟೆಗೆ ಅಂಬಣ್ಣ ಬರುವಷ್ಟರಲ್ಲಿ ಕನ್ನಡದ ನಕಲು ಮೊಳೆ ಜೋಡಿಸುವ ಮೇಜಿನ ಮೇಲಿದೆ. ಅಂಬಣ್ಣ ಹಾಳೆಯನ್ನು ತಿರುವಿ ನೋಡುತ್ತಾರೆ. ಎಲ್ಲೂ ಕೆಂಪಿಲ್ಲ. ಈ ಸಲವಾದರೂ ನಿಮ್ಮ ಹೆಸರು ಹಾಕಲೇ ಎಂದು ಕೇಳುತ್ತಾರೆ. ಸೂಗಪ್ಪ ತಲೆಯಾಡಿಸುತ್ತಾರೆ. ಅವರಿಗೆ ಬೇಕಾದದ್ದು ಬೇರೆ. “ಯಾದಗಿರಿ ಟೇಶನ್ನಿನ ಅಂಗಡ್ಯಾಗ ಒಂದು ಪುಸ್ತಕ ಎದುರಿಗೇ ಇಡಸ್ರಿ. ವಾಡಿ ಕಡಿಂದ ಬರೂ ಗಾಡಿ ಅಲ್ಲಿ ನಾಕು ನಿಮಿಷ ನಿಂದರ್ತದ. ಇಳೀದಿದ್ರೂ ನಡೀತದ, ಕಿಡಕ್ಯಾಗಿಂದ ಕಂಡ್ರ ಸಾಕು.”

ಆಮೇಲೆ ಬೋಗುಣಿಯ ನೀರನ್ನು ಬೇವಿನ ಬುಡಕ್ಕೆ ಸುರಿದು, ಕೆಂಭಾವಿಯ ಪುಸ್ತಕಕ್ಕೆ ಹೊಸ ರಟ್ಟು ಅಳೆಯಲು ಕೂರುತ್ತಾರೆ. ಕೇಳಿದವರಿಗೆ ಒಂದೇ ಮಾತು ಹೇಳುತ್ತಾರೆ, ಹೇಳುವಾಗ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಇದೆ. “ಒಂಬತ್ತನೇ ಪ್ರಕರಣದಾಗ ನಾ ಒಂದಕ್ಷರ ತಿದ್ದಿಲ್ರಿ.”